ಮೆಣಸಿನಕಾಯಿಗೆ ಕಿವಿಗೊಡುತ್ತಿದ್ದ ಗುಡ್ಡಪ್ಪನವರು

ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ಬಂದ ಮೊದಲ ಗುರುವಾರ ಶುರುವಾದದ್ದು ಇದು. ವಾರ ಯಾಕೆ ನೆನಪಿದೆಯೆಂದರೆ, ಬ್ಯಾಡಗಿಯ ಮಾರ್ಕೆಟ್ ಮೈತುಂಬಿಕೊಳ್ಳುವುದು ಸೋಮವಾರ ಮತ್ತು ಗುರುವಾರ. ಹಾವೇರಿಯ ನಮ್ಮ ಓಣಿಯ ಐದಾರು ಮನೆಗಳಿಗೆ ವರ್ಷದ ಖಾರದ ಪುಡಿಗೆ ಬೇಕಾದ ಮೆಣಸಿನಕಾಯಿ ತರುವುದು ಬಹಳ ವರ್ಷಗಳಿಂದ ನನ್ನ ಡ್ಯೂಟಿ. ಅದಕ್ಕೆ ಕಾರಣ ವೀರೇಶ. ನಾನು ಕಾನ್ವೆಂಟ್ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಿದ್ದಾಗ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ನಲವತ್ತು ದಾಟಿದ್ದಾನೆ, ತಂದೆಯ ನಂತರ ಮೆಣಸಿನಕಾಯಿ ಖರೀದಿ ವ್ಯಾಪಾರ ನೋಡಿಕೊಳ್ಳುತ್ತಾನೆ. ರೈತರು ತಂದ ಮಾಲನ್ನು ಚೀಲಗಟ್ಟಲೆ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಆಮೇಲೆ ಹೊರಗೆ ಕಳಿಸುತ್ತಾನೆ. ನಾನು ಹೋದರೆ, "ಮಿಸ್, ಮೊದಲ ಬಾಯಿಗೆ ಸೆರಗು ಹಿಡೀರಿ, ಆಮ್ಯಾಲೆ ಮಾತು" ಎನ್ನುತ್ತಾನೆ. ಘಾಟಿಗೆ ನಾನು ಪ್ರತಿ ವರ್ಷ ಏಳೆಂಟು ಸಲ ಸೀನಿಯೇ ಸೀನುತ್ತೇನೆ.

ಅಂದೂ ಸೀನಿ, ಮೂಗು ಒರೆಸಿಕೊಂಡು, ಅವನ ಅಂಗಡಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎದುರಿಗೆ ಕೆಂಪು ರಾಶಿ, ಚೀಲದ ಸಾಲು. ಅಷ್ಟರಲ್ಲಿ, ಹಿಂದೆಂದೂ ನಾನು ಗಮನಿಸಿರದ ಒಬ್ಬರು ಹಿರಿಯರು ಕಣ್ಣಿಗೆ ಬಿದ್ದರು. ಅರವತ್ತು ದಾಟಿದ ವಯಸ್ಸು, ಬಿಳಿ ಧೋತರ, ಟೋಪಿ, ಹೆಗಲ ಮೇಲೆ ಟವೆಲ್. ಚೀಲದ ಆಳಕ್ಕೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆಯುತ್ತಿದ್ದರು. ಅಲ್ಲೇ ನೋಡಿ ಬಿಡುವುದಿಲ್ಲ. ಗದ್ದಲಕ್ಕೆ ಬೆನ್ನು ಮಾಡಿ, ಹಿಂದಿನ ಗೋಡೆಯ ಮೂಲೆಗೆ ಹೋಗಿ, ಹಿಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಒಂದನ್ನು ಬಗ್ಗಿಸಿ ಮತ್ತೆ ಕಿವಿಗೊಡುತ್ತಿದ್ದರು. ತಿರುಗಿ ಬಂದು, "ಇದು ತಗೋ", "ಇದು ಬ್ಯಾಡ, ಹೊಟ್ಟ್ಯಾಗ ಹಸಿ ಐತಿ" ಎಂದಷ್ಟೇ ಹೇಳುತ್ತಿದ್ದರು. ವೀರೇಶ ಅದನ್ನೇ ಬರೆದುಕೊಳ್ಳುತ್ತಿದ್ದ.

ನನಗೆ ಕ್ಯೂರಿಯಾಸಿಟಿ ತಡೆಯಲಾಗಲಿಲ್ಲ. ಅಷ್ಟು ವರ್ಷಗಳಿಂದ ಹೋಗುತ್ತಿದ್ದೇನೆ, ಎಲ್ಲರೂ ಕೈಯಲ್ಲಿ ಒತ್ತಿ, ಮುರಿದು ನೋಡುವುದನ್ನೇ ನೋಡಿದ್ದೆ. ಚೀಲ ಹೊರುತ್ತಿದ್ದ ಹಮಾಲನೊಬ್ಬನನ್ನು ಕೇಳಿದೆ.

"ಗುಡ್ಡಪ್ಪಜ್ಜಾರೇನ್ರಿ? ಮೆಣಸಿನಕಾಯಿಗೆ ಫೋನ್ ಹಚ್ಯಾರ. ಒಮ್ಮೊಮ್ಮೆ ಲೈನ್ ಸಿಗೂದಿಲ್ಲ, ಅದಕ್ಕ ಲಗೂ ಬರೂದಿಲ್ಲ" ಎಂದ. ಉಳಿದವರು ನಕ್ಕರು. ಗುಡ್ಡಪ್ಪನವರೂ ನಕ್ಕರು.

"ಏನು ಕೇಳಸ್ತೈತ್ರಿ ನಿಮಗ?" ಎಂದು ನಾನೇ ಎದ್ದು ಹೋಗಿ ಕೇಳಿದೆ.

"ಅದು ಹೇಳ್ತೈತ್ರಿ ಅಕ್ಕಾರ, ನಾ ಕೇಳ್ತೇನಿ. ಅದರಾಗೇನೈತಿ" ಎಂದು ಜಾರಿಕೊಂಡರು. ಆ ನಗು ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಅದು ನನಗೆ ಆಮೇಲೆ ಹೊಳೆದದ್ದು.

ಸ್ವಲ್ಪ ಹೊತ್ತಿಗೆ ಚಹಾ ಬಂತು. ಸ್ಟೀಲ್ ಲೋಟ, ಕುದಿಯುವ ಚಹಾ. ನಾವೆಲ್ಲ ಅಂಚನ್ನಷ್ಟೇ ಹಿಡಿದು ಊದುತ್ತಿದ್ದೆವು. ಗುಡ್ಡಪ್ಪನವರು ಲೋಟವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ನಾನು ಅವರ ಕೈಯನ್ನೇ ನೋಡಿದೆ. ಬಲಗೈ ತೋರುಬೆರಳಿನ ತುದಿಯಲ್ಲಿ ಹಸಿ ಗಾಯ. ಚೀಲ ಹೊಲಿಯುವ ದಬ್ಬಣ ತಾಗಿರಬೇಕು, ರಕ್ತ ಇನ್ನೂ ಪೂರ್ತಿ ನಿಂತಿರಲಿಲ್ಲ. ಆ ಬೆರಳನ್ನು ಅವರು ಬೆಳಗಿನಿಂದ ಮೆಣಸಿನಕಾಯಿ ಚೀಲದಲ್ಲಿ ಆಡಿಸಿದ್ದರು. ತೆರೆದ ಗಾಯಕ್ಕೆ ಖಾರ ತಾಗಿದರೆ ಮನುಷ್ಯ ಕುಣಿದಾಡಬೇಕು. ಇವರ ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡಿರಲಿಲ್ಲ.

ನನಗೂ ಶುಗರ್ ಇದೆ, ಹದಿನೆಂಟು ವರ್ಷದಿಂದ. ಕಾಲ್ಬೆರಳು ಜೋಮು ಹಿಡಿದಂತಾಗಿ, ಆಮೇಲೆ ಏನೂ ಗೊತ್ತಾಗದಂತಾಗುವುದು ನನಗೆ ತಿಳಿದ ವಿಷಯ. ಪಜಲ್ ಬಿಡಿಸಿದ ಹುಡುಗಿಯ ಹಾಗೆ ನನಗೆ ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆ. ವೀರೇಶನ ಕಡೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದೆ: "ವೀರೇಶ್, ದೇರ್ ಈಸ್ ನೋ ಸೆನ್ಸೇಶನ್ ಇನ್ ಹಿಸ್ ಫಿಂಗರ್ಸ್. ಮಸ್ಟ್ ಬಿ ಶುಗರ್. ಪ್ಲೀಸ್ ಸೆಂಡ್ ಹಿಮ್ ಟು ಎ ಡಾಕ್ಟರ್."

ಗುಡ್ಡಪ್ಪನವರು ಒಂದು ಮಾರು ದೂರದಲ್ಲಿ ನಿಂತಿದ್ದರು.

ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ನಮಗೆ ಹಿಡಿದ ಚಟ ಇದು. ಮನೆಗೆ ಬಂದವರ ಎದುರು, ಕೆಲಸದವರ ಎದುರು, ಕಾಯಿಲೆ ಬಿದ್ದವರ ಮಂಚದ ಪಕ್ಕದಲ್ಲೇ, ಸೂಕ್ಷ್ಮದ ಮಾತನ್ನು ಇಂಗ್ಲಿಷಿಗೆ ತಿರುಗಿಸಿಬಿಡುವುದು. ಹಾಗೆ ಮಾಡಿದರೆ ಆ ಮನುಷ್ಯನಿಗೆ ನೋವಾಗುವುದಿಲ್ಲ ಎಂದೇ ನಾನು ಎಪ್ಪತ್ತರ ವಯಸ್ಸಿನವರೆಗೂ ನಂಬಿದ್ದೆ.

ವೀರೇಶ ಗುಡ್ಡಪ್ಪನವರ ಕೈ ನೋಡಿದ. ಬಹಳ ಹೊತ್ತು ನೋಡಿದ. ಗುಡ್ಡಪ್ಪನವರು ಲೋಟ ಕೆಳಗಿಟ್ಟು, ಎರಡೂ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡರು. ನಾನು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಮೆಣಸಿನಕಾಯಿ ಕಟ್ಟಿಸಿಕೊಂಡು ಬಸ್ ಹತ್ತಿದೆ.

ಎರಡು ವಾರ ಕಳೆಯಿತು. ಖಾರದ ಪುಡಿಯ ಬಣ್ಣ ಚೆನ್ನಾಗಿ ಬಂದಿದೆಯೆಂದು ಹೇಳಲು ವೀರೇಶನಿಗೆ ಫೋನ್ ಮಾಡಿದೆ. ಮಾತಿನ ಕೊನೆಗೆ, "ಗುಡ್ಡಪ್ಪನವರನ್ನ ಡಾಕ್ಟರ್ ಹತ್ರ ಕಳಿಸಿದಿ ಇಲ್ಲೋ?" ಎಂದೆ.

"ಮನಿಗೆ ಕಳಿಸೇನ್ರಿ ಮಿಸ್" ಎಂದ. "ನೀವು ಹೇಳಿದ್ದು ಭಾಳ ಉಪಕಾರ ಆತು. ಇಲ್ಲಂದ್ರ ನಮಗ ಗೊತ್ತ ಆಗ್ತಿರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಗುಡ್ಡಪ್ಪನವರಿಗೆ ಇದ್ದ ಕೆಲಸ ಒಂದೇ, ಕೈಯಿಂದ ಮುಟ್ಟಿ ಚೀಲದಲ್ಲಿ ಹಸಿ ಎಷ್ಟಿದೆ ಎಂದು ಹೇಳುವುದು. ಹಸಿ ಉಳಿದ ಒಂದು ಚೀಲ ಕೋಲ್ಡ್ ಸ್ಟೋರೇಜಿನೊಳಗೆ ಹೋದರೆ ಬೂಸ್ಟು ಹಿಡಿದು ಅಕ್ಕಪಕ್ಕದ ಚೀಲವನ್ನೂ ಕೆಡಿಸುತ್ತದೆ. "ಅಪ್ಪಾಜಿ ಕಾಲದಿಂದ ಆ ಬೆರಳಿನ ಮ್ಯಾಲ ನಮ್ಮ ವ್ಯಾಪಾರ ನಿಂತಿತ್ತ್ರಿ. ಬೆರಳಿಗೆ ಗೊತ್ತಾಗೂದಿಲ್ಲ ಅಂದ್ಮ್ಯಾಲ ಹೆಂಗ ನಂಬ್ಲಿ? ಹಸಿ ಅಳೆಯೂ ಮೀಟರ್ ತಂದೇನಿ. ಗುಡ್ಡಪ್ಪ ಕಾಕಾ ಟವೆಲ್ ಜಾಡಿಸ್ಕೊಂಡು ಹೋದ್ರು."

ಫೋನ್ ಇಟ್ಟು, ಹೊಸ ಖಾರದ ಪುಡಿಯ ಡಬ್ಬಿಯ ಮುಚ್ಚಳ ಮುಚ್ಚಿಟ್ಟೆ. ಅವರ ಬೆರಳಿನ ಬಗ್ಗೆ ಅಷ್ಟೆಲ್ಲ ಊಹಿಸಿದವಳಿಗೆ, ಅದೇ ಬೆರಳು ಅವರ ನೌಕರಿ ಎಂಬುದು ತಲೆಗೆ ಹೋಗಿರಲಿಲ್ಲ.

ಇನ್ನೊಂದು ವಿಷಯ ಬರೆಯಬೇಕು. ನಾನು ರಿಟೈರ್ ಆಗಿದ್ದು ಅವಧಿಗಿಂತ ಎರಡು ವರ್ಷ ಮೊದಲೇ. ಶುಗರಿನಿಂದ ಕಣ್ಣು ಮಂಜಾಗುತ್ತ ಬಂದು, ಲ್ಯಾಬಿನ ಬಾಟಲಿಗಳ ಮೇಲಿನ ಚೀಟಿ ಓದಲಾಗುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಯಾವ ಬಾಟಲಿ ಎಷ್ಟನೇ ಜಾಗದಲ್ಲಿದೆ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ವರ್ಷ ಹಾಗೇ ನಡೆಯಿತು. ಒಂದು ದಿನ ಯಾರೋ ಕಪಾಟು ಒರೆಸಿ ಬಾಟಲಿಗಳನ್ನು ಬೇರೆ ಸಾಲಿನಲ್ಲಿಟ್ಟರು. ಹತ್ತನೇ ಕ್ಲಾಸಿನ ಮಕ್ಕಳ ಎದುರು, ಕೆಂಪಾಗಬೇಕಾದ ಲಿಟ್ಮಸ್ ಕಾಗದ ನೀಲಿಯಾಗಿಯೇ ಉಳಿಯಿತು. ಮಕ್ಕಳು ನಕ್ಕರು. ಸಹೋದ್ಯೋಗಿಯೊಬ್ಬರು ಹೆಡ್ ಸಿಸ್ಟರ್‌ಗೆ ನನ್ನ ಕಣ್ಣಿನ ಬಗ್ಗೆ ಹೇಳಿದರು, ನನ್ನ ಒಳ್ಳೆಯದಕ್ಕೇ. ನಾನು ರೆಸಿಗ್ನೇಶನ್ ಬರೆದುಕೊಟ್ಟೆ. ಆಮೇಲೆ ಆಪರೇಶನ್ ಆಗಿ ಒಂದು ಕಣ್ಣು ಸರಿಹೋಯಿತು. ಕೆಲಸ ಮುಗಿದುಹೋಗಿತ್ತು.

ಮರುದಿನ ವೀರೇಶನಿಂದ ವಿಳಾಸ ಕೇಳಿದೆ. ಗುಡ್ಡಪ್ಪನವರದು ರಾಣೆಬೆನ್ನೂರಿನ ಆಚೆ ಮೇಡ್ಲೇರಿ. "ಅಷ್ಟು ದೂರ ಯಾಕ್ರಿ ಮಿಸ್, ನಿಮ್ಮ ಮೊಣಕಾಲು ಬ್ಯಾರೆ" ಎಂದ. ಅದಕ್ಕೂ ಮರುದಿನ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋಗಿ, ಅಲ್ಲಿ ಬಸ್ ಬದಲಿಸಿ ಮೇಡ್ಲೇರಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ದಾರಿಯುದ್ದಕ್ಕೂ ಕಾಲುವೆ ನೀರಿನ ಹಸಿರು ಹೊಲಗಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಐ ಆ್ಯಮ್ ಸಾರಿ ಎನ್ನುವುದು ಆ ಭಾಷೆಯಲ್ಲಿ ಎಷ್ಟು ಸಲೀಸು.

ಬಾಗಿಲಲ್ಲಿ ಅವರ ಹೆಂಡತಿ ಗಂಗವ್ವ ಜೋಳ ಹಸನು ಮಾಡುತ್ತಿದ್ದರು. ನಾನು ಹೆಸರು ಹೇಳಿದೆ, ಹಾವೇರಿಯಿಂದ ಬಂದೆ ಎಂದೆ. ಮೊರ ಬದಿಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇಂಗ್ಲಿಷ್ ಅಕ್ಕಾರಾ ನೀವು?" ಎಂದರು. "ಬರ್ರಿ, ಒಳಗ ಕುಂದರ್ರಿ. ಏ, ಬಂದಾರ ನೋಡ್ರಿ ನಿಮ್ಮ ಡಾಕ್ಟರ್."

ಗುಡ್ಡಪ್ಪನವರು ಹಿತ್ತಲಿನಿಂದ ಬಂದರು. ಮನೆಯಲ್ಲಿ ಟೋಪಿಯಿಲ್ಲದೆ, ಇನ್ನಷ್ಟು ಮುದುಕರಾಗಿ ಕಂಡರು. ಕುಡಿಯಲು ನೀರು ಕೊಟ್ಟರು. ನಾನು ಜೋಡಿಸಿಕೊಂಡು ಬಂದಿದ್ದ ಮಾತು ಯಾವುದೂ ಬರಲಿಲ್ಲ.

"ನನ್ನಿಂದ ತಪ್ಪಾತ್ರಿ. ನಿಮ್ಮ ಕೆಲಸ ಹೋಗ್ತೈತಿ ಅಂತ ನನಗ ಖರೇ ಗೊತ್ತಿರಲಿಲ್ಲ" ಎಂದೆ.

ಗುಡ್ಡಪ್ಪನವರು ಎದುರಿಗೆ ಕೂತರು. "ನೀವು ಹೇಳಿದ್ದು ಸುಳ್ಳಲ್ಲರಿ. ಶುಗರ್ ಅಂದದ್ದು ನನಗ ತಿಳೀತು. ಫಿಂಗರ್ ಅಂದದ್ದೂ ತಿಳೀತು. ಎರಡು ಮಾತು ಸಾಕಲ್ರಿ."

"ಇವರ ಕೈ ಇವರ ಹಂತ್ಯಾಕ ಇತ್ತಲ್ರಿ" ಎಂದರು ಗಂಗವ್ವ. "ಇವರಿಗೆ ಹೇಳಬೇಕಿತ್ತು. ಬೆನ್ನ ಹಿಂದ ಆಡಿದ್ರ ಒಂದ ಥರಾ. ನೀವು ಮಾರಿ ಮುಂದನ ಬೆನ್ನ ಹಿಂದ ಆಡಿದ್ರಿ."

ಇಷ್ಟು ಚಂದವಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ನಾನು ತಲೆಯಾಡಿಸಿದೆ.

"ಸಾಕು ಬಿಡ, ಬಿಸಲಾಗ ಬಂದಾರ" ಎಂದು ಗುಡ್ಡಪ್ಪನವರು ಹೆಂಡತಿಗೆ ಹೇಳಿ, ತಾವಾಗಿಯೇ ಮಾತು ಶುರು ಮಾಡಿದರು. ನಾಲ್ಕು ವರ್ಷದ ಹಿಂದೆ ಬೆರಳಿಗೆ ತೆಳು ಅರಿವೆ ಸುತ್ತಿದ ಹಾಗೆ ಆಗತೊಡಗಿತಂತೆ. ದಿನ ಹೋದಂತೆ ಅರಿವೆ ದಪ್ಪಾಯಿತು. ಒಂದು ಸೋಮವಾರ ಮಾರ್ಕೆಟ್ಟಿನಲ್ಲಿ ಹತ್ತು ಚೀಲಕ್ಕೆ ಕೈ ಹಾಕಿದರೆ ಹತ್ತೂ ಒಂದೇ ಅನ್ನಿಸಿತು. "ಅವತ್ತು ಮೈಯಾಗಿನ ನೀರ ಇಳದಂಗ ಆತ್ರಿ ಅಕ್ಕಾರ. ಹುಷಾರಿಲ್ಲ ಅಂತ ಸುಳ್ಳ ಹೇಳಿ ಮನಿಗೆ ಬಂದೆ."

"ಡಾಕ್ಟರಿಗೆ ತೋರಸ್ಲಿಲ್ಲೇನ್ರಿ?"

"ತೋರಸೇನಿ. ಗುಳಿಗಿ ಕೊಟ್ಟಾರ. ಹ್ವಾದದ್ದು ಬರೂದಿಲ್ಲ, ಇದ್ದದ್ದು ಉಳಿಸ್ಕೋ ಅಂದ್ರು. ಆ ಗುಳಿಗಿನೂ ಬ್ಯಾಡಗಿ ಪಗಾರದಾಗ ಬರ್ತಿದ್ವು."

ಕಿವಿಗೆ ಹೇಗೆ ಬಂದರು ಎಂದು ಕೇಳದೆ ಇರಲು ನನ್ನಿಂದ ಆಗಲಿಲ್ಲ. ಕ್ಷಮೆ ಕೇಳಲು ಬಂದವಳು, ಆದರೂ ಕೇಳಿಯೇಬಿಟ್ಟೆ. ಅವರ ಮುಖ ಆಗ ಮೊದಲ ಸಲ ಅರಳಿತು. ಒಳಗಿನಿಂದ ಎರಡು ಬುಟ್ಟಿ ಮೆಣಸಿನಕಾಯಿ ತರಿಸಿದರು. ಆ ವರ್ಷದ ಮಳೆಗಾಲ ಪೂರ್ತಿ ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದರಂತೆ. ಒಂದು ಬುಟ್ಟಿಯದಕ್ಕೆ ನೀರು ಚಿಮುಕಿಸುವುದು, ಇನ್ನೊಂದನ್ನು ಒಲೆಯ ಪಕ್ಕ ಇಡುವುದು. ಗಂಗವ್ವ ಬೆರೆಸಿ ಕೊಡುವುದು, ಇವರು ಕಣ್ಣು ಮುಚ್ಚಿ ಆರಿಸುವುದು.

"ನಾಕು ತಿಂಗಳು ಈ ಮನ್ಯಾಗ ಮಾತಾಡಂಗಿರಲಿಲ್ರಿ" ಎಂದರು ಗಂಗವ್ವ. "ರೊಟ್ಟಿ ಬಡದ್ರ, ತಡಿ ತಡಿ, ಕೇಳ್ಸೂದಿಲ್ಲ ಅಂತಿದ್ರು. ಉಪಾಸ ಇಡ್ತೇನಿ ಹಂಗಾರ ಅಂದೆ."

ಗುಡ್ಡಪ್ಪನವರು ನನ್ನ ಕೈಗೆ ಒಂದು ಮೆಣಸಿನಕಾಯಿ ಕೊಟ್ಟರು. "ಅಲ್ಲಾಡಸ್ರಿ. ಏನ್ ಕೇಳಸ್ತು?"

"ಏನೂ ಇಲ್ಲ."

"ಅದ ಹಸಿ. ಬೀಜ ಒಳಗ ಗೋಡಿಗೆ ಅಂಟಿರ್ತಾವು. ಈಗ ಇದು." ಎರಡನೆಯದರಲ್ಲಿ ಬೀಜ ಗಲಗಲ ಎಂದವು. "ಇದು ಭಾಳ ಒಣಗೈತಿ, ಚೀಲದಾಗ ಪುಡಿ ಆಗ್ತೈತಿ. ಇನ್ನ ಇದು." ಮೂರನೆಯದನ್ನು ನಾನು ಬಹಳ ಹೊತ್ತು ಅಲ್ಲಾಡಿಸಿದೆ. ರೇಷ್ಮೆ ಸೀರೆಯ ನೆರಿಗೆ ಸರಿದ ಹಾಗೆ ಒಂದು ಸಣ್ಣ ಸದ್ದು. ಇತ್ತೋ ಇಲ್ಲವೋ ಎನ್ನುವಷ್ಟು. "ಇದ ನೋಡ್ರಿ ಮಾಲು" ಎಂದರು.

ಮೂವತ್ತು ವರ್ಷ ಸೌಂಡ್ ಎಂಬ ಪಾಠವನ್ನು ಬೋರ್ಡಿನ ಮೇಲೆ ಬರೆದು ಕಲಿಸಿದವಳು ನಾನು. ಒಂದು ಹಣ್ಣಿನೊಳಗಿನ ನೀರನ್ನು ಹೀಗೆ ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ.

"ತಪ್ಪೇ ಆಗಿಲ್ಲೇನ್ರಿ?" ಎಂದೆ.

"ಆಗೈತ್ರಿ. ಎರಡ ಸಲ. ಬಾಜೂಕ ಲಾರಿ ಚಾಲೂ ಇತ್ತು, ಅಂದಾಜಿನ ಮ್ಯಾಲ ಹೇಳಿಬಿಟ್ಟೆ. ಕೋಲ್ಡಿನೊಳಗಿಂದ ತಗದ ಮಾಲಂತೂ ನನಗ ತಿಳಿಯಂಗೇ ಇಲ್ಲ, ಅದು ಮೂಕ ಆಗಿರ್ತೈತಿ. ಅದನ್ನ ಬ್ಯಾರೆ ಯಾರರ ನೋಡ್ಲಿ ಅಂತ ಏನಾರ ನೆವ ಹೇಳಿ ತಪ್ಪಿಸ್ಕೋತಿದ್ದೆ."

"ಇದನ್ನೆಲ್ಲ ವೀರೇಶಗ ಮೊದಲ ಹೇಳಬಹುದಿತ್ತಲ್ರಿ."

"ಏನಂತ ಹೇಳ್ಲಿ? ನನ್ನ ಕೈ ಸತ್ತೈತಿ, ಆದ್ರೂ ಪಗಾರ ಕೊಡು ಅಂತೇನ್ರಿ? ಅಲ್ಲಿ ಇದ್ರ ನಾ ಗುಡ್ಡಪ್ಪ. ಇಲ್ಲಿ ಕುಂತ್ರ ಜಡ್ಡಿನ ಮನಷ್ಯಾ. ಹದಿನೈದು ದಿನದಾಗ ಓಣಿ ಮಂದಿ ಮಾತಾಡ್ಸೂ ರೀತಿನ ಬದಲಾಗೈತಿ. ಹುಷಾರದೀರೇನು ಅಂತ ಕೇಳ್ತಾರ. ಮದಲ ಮೆಣಸಿನಕಾಯಿ ರೇಟ್ ಏನೈತಿ ಅಂತ ಕೇಳ್ತಿದ್ರು."

ಆಗಲೇ ನನ್ನ ಫೋನ್ ಬಂತು. ವೀರೇಶ. ನನ್ನ ಫೋನಿನ ದನಿ ಯಾವಾಗಲೂ ಜೋರು, ಪಕ್ಕದವರಿಗೂ ಕೇಳುತ್ತದೆ. ಮೇಡ್ಲೇರಿ ಮುಟ್ಟಿದಿರಾ ಎಂದು ವಿಚಾರಿಸಿ, ಮೀಟರಿನ ಸುದ್ದಿ ತೆಗೆದ. ಚೀಲದ ಮೇಲೆ ಚುಚ್ಚಿದರೆ ಒಂದು ತೋರಿಸುತ್ತದೆ, ನಡುವೆ ಚುಚ್ಚಿದರೆ ಇನ್ನೊಂದು. ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ಆಮೇಲೆ ದನಿ ತಗ್ಗಿಸಿ ಇಂಗ್ಲಿಷಿಗೆ ಹೊರಳಿದ. "ಮಿಸ್, ಟೆಲ್ ಮಿ ಫ್ರ್ಯಾಂಕ್ಲಿ. ಈಸ್ ಹೀ ಫಿಟ್ ಟು ವರ್ಕ್?"

ಅವನಿಗೆ ಆ ಇಂಗ್ಲಿಷ್ ಕಲಿಸಿದ ಶಾಲೆಯಲ್ಲಿ ನಾನೂ ಇದ್ದೆ. "ಹೀ ಈಸ್" ಎಂದು ನನ್ನ ಬಾಯಿ ಶುರು ಮಾಡಿಯೂ ಬಿಟ್ಟಿತ್ತು. ಎದುರಿಗೆ ಗುಡ್ಡಪ್ಪನವರು ನನ್ನನ್ನಲ್ಲ, ಬುಟ್ಟಿಯನ್ನು ನೋಡುತ್ತಿದ್ದರು. ಗಂಗವ್ವ ನನ್ನನ್ನೇ ನೋಡುತ್ತಿದ್ದರು.

"ಅವರು ಇಲ್ಲೇ ಅದಾರ. ಅವರನ್ನ ಕೇಳು" ಎಂದು ಕನ್ನಡದಲ್ಲಿ ಹೇಳಿ ಫೋನನ್ನು ಗುಡ್ಡಪ್ಪನವರ ಕಡೆ ಚಾಚಿದೆ.

ಅವರು ತಕ್ಷಣ ತೆಗೆದುಕೊಳ್ಳಲಿಲ್ಲ. ಧೋತರಕ್ಕೆ ಕೈ ಒರೆಸಿ, ಎರಡೂ ಕೈಯಿಂದ ಹಿಡಿದು, ಜಾರುತ್ತದೇನೋ ಎಂಬಂತೆ ನೋಡಿಕೊಂಡು ಕಿವಿಗಿಟ್ಟರು.

"ಹೇಳು ಸಾವ್ಕಾರ."

ಆಚೆಯಿಂದ ಏನೋ ಕೇಳಿ ಬಂತು, ಈಗ ದನಿ ಸಣ್ಣದಾಗಿತ್ತು.

"ಹೌದು, ಬೆರಳು ಸತ್ತಾವು. ನಾಕು ವರ್ಷ ಆತು. ಸುಳ್ಳ ಹೇಳಿಲ್ಲ, ಆದ್ರ ಹೇಳಿಲ್ಲ. ಅದು ನನ್ನ ತಪ್ಪು... ಹೂಂ. ಕಿವಿ... ಹೂಂ, ಕಿವೀಲೆ. ಮಂದಿ ಫೋನ್ ಹಚ್ಯಾನ ಅಂತಿದ್ರಲ್ಲ, ಅದು." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ನಾ ಹೇಳೂದು ಕೇಳು. ಮುಂಜಾನೆ ಲಾರಿ ಬರೂಕಿಂತ ಮದಲ ನೋಡ್ತೇನಿ, ಗದ್ದಲ ಆದ್ಮ್ಯಾಲ ಒಂದು ಚೀಲನೂ ನೋಡೂದಿಲ್ಲ. ಕೋಲ್ಡಿನ ಮಾಲು ನನಗ ತೋರಸಬ್ಯಾಡ. ನಿನ್ನ ಮೀಟರೂ ಇರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಎರಡೂ ಕೂಡಲಿಲ್ಲ ಅಂದ್ರ ಆ ಚೀಲ ಬಿಟ್ಟಬಿಡು. ಕಿವಿನೂ ಹೋತಂದ್ರ ನಾನ ಬಂದು ಹೇಳ್ತೇನಿ, ಈ ಸಲದಂಗ ಮುಚ್ಚಿಡೂದಿಲ್ಲ."

ಗಂಗವ್ವನ ಕೈಯಲ್ಲಿ ಜೋಳದ ಕಾಳು ಹಾಗೇ ನಿಂತಿದ್ದವು. ಗುಡ್ಡಪ್ಪನವರು ಕೊನೆಗೆ, "ಆತು, ಸೋಮವಾರ" ಎಂದು ಫೋನನ್ನು ನನಗೆ ಕೊಟ್ಟರು. ಕಣ್ಣು ತುಂಬಿತ್ತು. ಖಾರ ಹತ್ತಿತು ಎಂದರು.

ಊಟ ಮಾಡಿಸದೆ ಗಂಗವ್ವ ಬಿಡಲಿಲ್ಲ. "ಇನ್ನ ಮ್ಯಾಲ ಇಂಗ್ಲಿಷನ್ಯಾಗ ಬೈಯೂದಿದ್ರ ನನಗ ಬೈರಿ ಅಕ್ಕಾರ, ನನಗ ಒಂದಕ್ಷರ ತಿಳಿಯಂಗಿಲ್ಲ, ನನಗೂ ಸುಖ, ನಿಮಗೂ ಸುಖ" ಎಂದು ಬಸ್ ಸ್ಟಾಪಿನವರೆಗೆ ಬಂದು ಹತ್ತಿಸಿದರು.

ಈ ವರ್ಷವೂ ಬ್ಯಾಡಗಿಗೆ ಹೋಗಿದ್ದೆ. ಗುಡ್ಡಪ್ಪನವರು ವಾರಕ್ಕೆ ಎರಡು ದಿನ, ಮಾರ್ಕೆಟ್ ತುಂಬುವ ಮೊದಲು ಬಂದು ನೋಡಿ ಹೋಗುತ್ತಾರೆ. ಹೊಸ ಮಾಲು ಬರುವ ತಿಂಗಳುಗಳಲ್ಲಿ ಮಾತ್ರ. ಮಳೆಗಾಲದಲ್ಲಿ, ಕೋಲ್ಡಿನ ಮಾಲಷ್ಟೇ ಇರುವಾಗ ಕೆಲಸವಿಲ್ಲ, ಆ ತಿಂಗಳು ಗುಳಿಗೆಗೂ ಕಷ್ಟ. ಪೂರ್ತಿ ಉಳಿಯಿತು ಎನ್ನುವಂತಿಲ್ಲ, ಹೋಯಿತು ಎನ್ನುವಂತೆಯೂ ಇಲ್ಲ. ಅವರು ಮೂಲೆಗೆ ಹೋಗುವಾಗ ವೀರೇಶ ಹಮಾಲರಿಗೆ, "ಸ್ವಲ್ಪ ಸುಮ್ನಿರ್ರೋ" ಎನ್ನುತ್ತಾನೆ. ಈಗ ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಒಂದು ಸಂಶಯ ಮಾತ್ರ ನನ್ನಲ್ಲಿ ಉಳಿದಿದೆ. ವೀರೇಶ ಅವರನ್ನು ಕರೆಸಿಕೊಂಡಿದ್ದು ಆ ಕಿವಿಯನ್ನು ನಂಬಿಯೋ, ಮೀಟರ್ ಕೈಕೊಟ್ಟಿದ್ದಕ್ಕೋ, ಇಲ್ಲ ಹಳೆಯ ಟೀಚರ್ ಅಷ್ಟು ದೂರ ಹೋದಳಲ್ಲ ಎಂಬ ಮುಲಾಜಿಗೋ? ಕೇಳಿದರೆ ಅವನು ನಿಜ ಹೇಳುತ್ತಾನೆ, ನನಗೆ ಗೊತ್ತು. ಅಂಗಡಿಯ ಕಟ್ಟೆಯ ಮೇಲೆ ಕೂತಾಗ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಗುಡ್ಡಪ್ಪನವರು ಅಲ್ಲೇ, ಒಂದು ಮಾರು ದೂರದಲ್ಲಿ, ಚೀಲದ ಬಾಯಿ ಬಿಚ್ಚುತ್ತಿದ್ದರು. ಅದು ಅವರ ಕೆಲಸದ ಪ್ರಶ್ನೆ, ಕೇಳುವುದಿದ್ದರೆ ಅವರೇ ಕೇಳಲಿ ಎಂದುಕೊಂಡೆ. ಜೀವನದಲ್ಲಿ ತಿಳಿಯಬೇಕೆಂಬ ಆಸೆ ಇಷ್ಟಿದ್ದೂ ನಾನು ಕೇಳದೆ ಬಿಟ್ಟ ಪ್ರಶ್ನೆ ಇದೊಂದೇ.